ಚಿತ್ರಕ್ಕೊಂದು ಚೆಂದದ ಊರು

ನಾವು ದಿನಾ ಓಡಾಡುವ ಜಾಗ ಚೆಂದವಾಗಿದೆ ಎಂಬುದು ನಮಗೆ ತಾನಾಗಿ ಗೊತ್ತಾಗುವುದಿಲ್ಲ. ಎರಡು ದಿನ ಇದ್ದು ಹೋಗುವವರು ಯಾರಾದರೂ ಬಂದು ಹೇಳಬೇಕು. ನನಗೆ ಹೇಳಿದವನು ಮೈದುನ ಗುರುಪಾದ. ನಮ್ಮ ಮನೆಯವರ ಚಿಕ್ಕಪ್ಪನ ಮಗ, ಹುಟ್ಟಿದ್ದೇ ಮುಂಬಯಿಯಲ್ಲಿ, ಅಲ್ಲಿಯ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಾನೆ. ಎರಡನೇ ಮಹಾಯುದ್ಧದ ಗದ್ದಲದ ನಡುವೆಯೇ ಹೋದ ವರ್ಷ, ರಜೆಗೆಂದು ಬಣ್ಣದ ಪೆಟ್ಟಿಗೆ ಹೊತ್ತು ಶಿಗ್ಗಾಂವಿಯ ನಮ್ಮ ಮನೆಗೆ ಬಂದಿಳಿದ. ಚಹಾದ ಬಟ್ಟಲು ಕೆಳಗಿಡುವ ಮೊದಲೇ, "ವೈನಿ, ನನಗೊಂದು ಚೆಂದದ ಹಳ್ಳಿ ಬೇಕ್ರಿ. ಹಳೇದಿರಬೇಕು, ಹೊಸದು ಒಂದೂ ಕಾಣಬಾರದು," ಎಂದ, ಸಂತೆಯಲ್ಲಿ ಬದನೆಕಾಯಿ ಕೇಳುವ ಹಾಗೆ. ಬರೆದ ಚಿತ್ರವನ್ನು ಮುಂಬಯಿ ಮನೆಯ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ತೂಗುಹಾಕುತ್ತಾನಂತೆ.

ಅಷ್ಟೇ ಸಾಕಾಯಿತು. ನನ್ನ ಅತ್ತೆ ಬಾಯಲ್ಲಿದ್ದ ಸವಣೂರು ವೀಳ್ಯದೆಲೆಯನ್ನು ಒಂದು ದವಡೆಗೆ ಸರಿಸಿ, "ಚೆಂದದ ಊರು ಅಂದ್ರ ನನ್ನ ತವರುಮನಿ ಹಿರೇಬೆಂಡಿಗೇರಿ. ಇನ್ನ ಹುಡುಕೂದೇನೈತಿ?" ಎಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ತವರು ಹಿರೇಕೆರೂರಿನ ಕಡೆಯ ಅಬಲೂರು. ಹಳೆಯ ಗುಡಿಯಿದೆ, ಅಕ್ಷರ ಕೆತ್ತಿದ ಕಲ್ಲುಗಳಿವೆ. ಆದರೆ ನಾನು ಈ ಮನೆಗೆ ಕಾಲಿಟ್ಟಾಗಿನಿಂದ ಆ ಊರಿನ ಬಗ್ಗೆ ಅತ್ತೆಯ ಮಾತು ಒಂದೇ: "ಅಲ್ಲೇನೈತಿ, ಒಣಾ ಹೊಲ." ಮುಂಬಯಿಯ ಗೋಡೆಯನ್ನು ನನ್ನ ತವರೂರೇ ಏರಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ. ನಿಶ್ಚಯ ಜೋರಾಗಿತ್ತೇನೋ, ರೊಟ್ಟಿ ಹರಿಯಿತು.

ಹಿರಿಯರೆಂದು ಅತ್ತೆಯ ಊರಿಗೇ ಮೊದಲ ಮಾನ. ಅವರೇ ಜೊತೆಗೆ ಹೋಗಿದ್ದರು. ಸಂಜೆ ಬಂಡಿಯಿಂದಿಳಿದಾಗ ಗುರುಪಾದನ ಹಾಳೆ ಬೆಳ್ಳಗಿತ್ತು. ಅಲ್ಲಿ ಒಂದು ಮನೆಯಲ್ಲಿ ಉಂಡರೆ ಪಕ್ಕದ ಮನೆಯವರಿಗೆ ಸಿಟ್ಟು. ಅವರಲ್ಲಿ ಉಂಡರೆ ಎದುರು ಮನೆಯವರಿಗೆ. ಕೊನೆಯ ಮನೆಯ ಹೋಳಿಗೆಯಾದ ಮೇಲೆ ಬೇವಿನ ಗಿಡದ ಕಟ್ಟೆಗೆ ಸುಮ್ಮನೆ ಒರಗಿದವನು ಎದ್ದದ್ದು ಬಂಡಿ ಹೂಡಿದಾಗಲೇ. "ಊರು ಹೆಂಗಿತ್ತೋ?" ಎಂದು ನಮ್ಮ ಮನೆಯವರು ಕೇಳಿದರೆ, "ತುಪ್ಪ ಭಾಳ ಚಲೋ ಇತ್ತಣ್ಣ," ಎಂದ.

ನನಗೆ ಒಳಗೊಳಗೇ ಹಿಗ್ಗು. ನಾನೇನು ಹಾಗೆ ತಯಾರಿಯಿಲ್ಲದೆ ಹೋಗುವವಳಲ್ಲ. ಅಬಲೂರಿನ ಅಣ್ಣನಿಗೆ ಮೊದಲೇ ಹೇಳಿ ಕಳಿಸಿದೆ: "ಮುಂಬಯಿಯಿಂದ ಮೈದುನ ಊರು ನೋಡಾಕ ಬರಾಕತ್ತಾನ. ಊಟದ ಗದ್ದಲ ಬ್ಯಾಡ. ಊರು ಚೆಂದ ಕಾಣಬೇಕು, ನನ್ನ ಮರ್ಯಾದಿ ಪ್ರಶ್ನಿ ಐತಿ."

ಹಾನಗಲ್ಲಿನವರೆಗೆ ಇದ್ದಲಿನ ಮೋಟಾರು. ಪೆಟ್ರೋಲು ಸಿಗದ ಕಾಲವಾದ್ದರಿಂದ ಅದು ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುತ್ತಿತ್ತು. ಏರು ಬಂದರೆ ಗಂಡಸರು ಇಳಿದು ನೂಕಬೇಕು. ಎರಡು ದಿನ ಒಲೆ ತಪ್ಪಿತೆಂದುಕೊಂಡರೆ, ಒಲೆಯೇ ನನ್ನ ಹಿಂದೆ ಬರುತ್ತಿತ್ತು. ಅಲ್ಲಿಂದ ಇನ್ನೊಂದು ಮೋಟಾರಿನಲ್ಲಿ ಹಿರೇಕೆರೂರು ಮುಟ್ಟಿ, ಅಣ್ಣ ಕಳಿಸಿದ್ದ ಬಂಡಿ ಹತ್ತುವವರೆಗೂ ಗುರುಪಾದನಿಗೆ ನನ್ನ ವರ್ಣನೆ ನಡೆದೇ ಇತ್ತು: ಮಳೆ ಗೆರೆ ಎಳೆದ ಮಣ್ಣಿನ ಗೋಡೆಗಳು, ಹೊಗೆಗೆ ಕಪ್ಪಾದ ಕಂಬಗಳು, ಬಾಗಿಲ ಮುಂದಿನ ಬಣವೆ, ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿರುವ ನಮ್ಮ ದೊಡ್ಡಪ್ಪ. "ಅದ ಬೇಕ್ರಿ ವೈನಿ, ಅದ ಬೇಕು!" ಎಂದು ಅವನು ಕುಂಚಗಳನ್ನು ಒರೆಸಿಟ್ಟುಕೊಂಡ.

ಓಣಿ ಹೊಕ್ಕಾಗ ನನಗೇ ಗುರುತು ಹತ್ತಲಿಲ್ಲ. ಗೋಡೆಗೋಡೆಗೂ ಸುಣ್ಣ, ಕಣ್ಣು ಕುಕ್ಕುವಷ್ಟು. ಕಂಬಗಳಿಗೆ ಹಸಿರು ಬಣ್ಣ. ಈ ಯುದ್ಧದ ಕಾಲದಲ್ಲಿ ಎಲ್ಲಿ ಸಿಕ್ಕಿತೋ, ಮುಟ್ಟಿದರೆ ಇನ್ನೂ ಅಂಟುತ್ತಿತ್ತು. ಬಣವೆ ಹಿತ್ತಲು ಸೇರಿತ್ತು. ದನಗಳನ್ನೆಲ್ಲ ಹೊಲಕ್ಕೆ ಅಟ್ಟಿದ್ದರು. ದೊಡ್ಡಪ್ಪ ತನ್ನ ಮದುವೆಯ ಕೋಟು ತೊಟ್ಟು ಕುರ್ಚಿಯ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದ. ಅಣ್ಣ ಓಡಿ ಬಂದು, "ಬರ್ರಿ ಬೀಗರ! ಹಳೇದು ಒಂದೂ ಕಣ್ಣಿಗೆ ಬೀಳದಂಗ ಮಾಡೇವಿ ನೋಡ್ರಿ!" ಎಂದ.

ಗುರುಪಾದ ಮೆಲ್ಲಗೆ ಗುಡಿಯ ಕಡೆ ನಡೆದ. "ಗುಡಿಗೂ ಬಳಿಯವರಿದ್ವಿ, ಸುಣ್ಣ ತೀರಿತ್ರಿ," ಎಂದು ಅಣ್ಣ ನೊಂದುಕೊಂಡ. ಗುಡಿಯೇನೋ ಉಳಿದಿತ್ತು, ಆದರೆ ಅದರ ಮುಂದೆ ಇಡೀ ಊರು ಮಡಿಕೆ ಮುರಿಯದ ಬಟ್ಟೆಯುಟ್ಟು ಸಾಲಾಗಿ ನಿಂತುಬಿಟ್ಟಿತು, ಏನು ಮಾಡಿದರೂ ಸರಿಯಲೊಲ್ಲದು. ಕುರ್ಚಿ ಹೊರಿಸಿಕೊಂಡು ಬಂದು ನಡುವೆ ಕೂತ ದೊಡ್ಡಪ್ಪ, "ಲಗೂನ ಬರಿಯೋ ತಮ್ಮಾ, ಗುಂಡಿ ಹರಿಯಾಕತ್ತಾವು!" ಎಂದು ಅವಸರ ಮಾಡಿದ.

"ಏನ್ ಮಾಡಿಟ್ಟೀಯೋ ಅಣ್ಣಾ ಇದು?" ಎಂದು ಮರೆಯಲ್ಲಿ ಕೇಳಿದೆ.

"ಮರ್ಯಾದಿ ಪ್ರಶ್ನಿ ಅಂದಾಕಿ ನೀನ ಅಲ್ಲೇನವಾ ತಂಗೆವ್ವ?"

ಅವನ ಬೆರಳುಗಳು ಸುಣ್ಣಕ್ಕೆ ಸುಟ್ಟು ಬಿರಿದಿದ್ದವು. "ಭಾಳ ಚೆಂದ ಆಗೇತಿ," ಎಂದೆ. ಅಂದಮೇಲೆ ಹಾಗೆಯೇ ಕಂಡಿತು ಕೂಡ.

ಬೆಳ್ಳಗಿನ ಹಾಳೆ ಹೊತ್ತು ಶಿಗ್ಗಾಂವಿಗೆ ಮರಳಿದೆವು. ಮರುದಿನ ನಾನೆದ್ದಾಗ ಗುರುಪಾದ ನಮ್ಮ ಹಿತ್ತಲಲ್ಲಿ ಕೂತು ಬರೆಯುತ್ತಿದ್ದ. ಎರಡು ದಿನ ನಾನಿಲ್ಲದ ಹಿತ್ತಲು, ತೆಗೆದಿಡುವವರಿಲ್ಲದೆ ಹೇಗಿರಬೇಕೋ ಹಾಗಿತ್ತು. ಗೋಡೆಯ ತುಂಬ ನಾನು ತಟ್ಟಿದ ಸಗಣಿಯ ಕುಳ್ಳು, ಪ್ರತಿಯೊಂದರ ಮೇಲೂ ನನ್ನ ಐದು ಬೆರಳು. ಮಸಿ ಹಿಡಿದ ಹಂಡೆ. ಹಗ್ಗದ ಮೇಲೆ ನನ್ನ ತೇಪೆಯ ಸೀರೆ. ಕೆಳಗೆ ಕಾಲು ಚಾಚಿ ಎಲೆ ಮೆಲ್ಲುವ ಅತ್ತೆ. "ನಾ ಹುಡುಕಿದ್ದು ಇದನ್ರಿ ವೈನಿ," ಎಂದ.

ಅತ್ತೆಯೂ ನಾನೂ ಒಂದೇ ದನಿಯಲ್ಲಿ ಕೂಗಿದ್ದು ಅದೇ ಮೊದಲು. "ಆ ತೇಪಿ ಬಿಟ್ಟು ಬರಿಯೋ!" "ನನ್ನ ಕಾಲು ಮುಚ್ಚೋ ಮಾರಾಯ!" ಅವನೆಲ್ಲಿ ಕೇಳುತ್ತಾನೆ? ಈಗ ಆ ಚಿತ್ರ ಮುಂಬಯಿಯಲ್ಲಿ ತೂಗುತ್ತಿದೆ. ಬಂದವರೆಲ್ಲ, ಇದು ಯಾವ ಹಳ್ಳಿ, ಎಷ್ಟು ಚೆಂದ, ಎನ್ನುತ್ತಾರಂತೆ. ತಾಲೂಕಿನ ಮಾಮಲೇದಾರರ ಕಚೇರಿಯಿರುವ ನಮ್ಮ ಊರಿಗೆ ಹಳ್ಳಿ ಎನ್ನುವುದೇ?

ಈ ರಜೆಗೂ ಗುರುಪಾದ ಬರುತ್ತಾನೆ. ಅದೇ ಗೋಡೆಯನ್ನು ಇನ್ನೊಂದು ಬಿಸಿಲಲ್ಲಿ ಬರೆಯಬೇಕಂತೆ. ನಿನ್ನೆ ಅತ್ತೆಯೂ ನಾನೂ ಸೆರಗು ಸಿಕ್ಕಿಸಿ ಕುಳ್ಳೆಲ್ಲ ಕಿತ್ತು, ಗೋಡೆಗೆ ಗಟ್ಟಿಯಾಗಿ ಸುಣ್ಣ ಬಳಿದೆವು. ಹಂಡೆಯ ಕಟ್ಟೆಯೊಂದು ಬೋಳಾಗಿ ಕಾಣುತ್ತಿದೆ. ಆ ಹಸಿರು ಬಣ್ಣ ಉಳಿದಿದ್ದರೆ ಕಳಿಸು ಎಂದು ಅಬಲೂರಿಗೆ ಹೇಳಿ ಕಳಿಸಿದ್ದೇನೆ.