ಗೊಂಬೆ ಗೋಡೆಯ ಪಾಯಿಂಟು

ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಸುಳ್ಳು ಹೇಳಿದಂತಲ್ಲ ಎಂಬ ಧೈರ್ಯದ ಮೇಲೆ ನಾನು ಈ ಮುಂಬಯಿಯಲ್ಲಿ ಇಪ್ಪತ್ತೆಂಟು ವರ್ಷ ಮರ್ಯಾದೆಯಿಂದ ಬದುಕಿದ್ದೇನೆ. ವಿಕ್ರೋಳಿಯಲ್ಲಿ ಸ್ವಿಚ್ಚು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಎಂದರೆ ಸಾಕು, ಪರೇಲಿನ ನಮ್ಮ ಬಿಲ್ಡಿಂಗಿನಲ್ಲಿ ಜನ ಎದ್ದು ಕುರ್ಚಿ ಕೊಡುತ್ತಾರೆ. ಯಾವ ಡಿಪಾರ್ಟ್‌ಮೆಂಟ್ ಎಂದು ಅವರು ಕೇಳಿಲ್ಲ, ನಾನು ಹೇಳಿಲ್ಲ. ನಿಮಗೆ ಹೇಳುತ್ತೇನೆ, ನನ್ನದು ಪ್ಯಾಕಿಂಗ್. ರಟ್ಟಿನ ಡಬ್ಬದ ಮೇಲೆ ಬಾಣದ ಗುರುತು ನೆಟ್ಟಗೆ ಬಿದ್ದಿದೆಯೇ ಎಂದು ನೋಡುವುದು ನನ್ನ ಕೆಲಸ. ಆದರೂ ಯಾರ ಮನೆಯಲ್ಲಿ ಫ್ಯಾನ್ ನಿಂತರೂ ಮೊದಲು ನನ್ನ ಬಾಗಿಲು ತಟ್ಟುತ್ತಾರೆ. ನಾನು ಕನ್ನಡಕ ಮೇಲೇರಿಸಿ, ಒಂದು ನಿಮಿಷ ದಿಟ್ಟಿಸಿ, "ಲೂಸ್ ಕನೆಕ್ಷನ್" ಎನ್ನುತ್ತೇನೆ. ಎಷ್ಟೋ ಸಲ ಅದು ನಿಜವೂ ಆಗಿಬಿಡುತ್ತದೆ.

ಈ ವರ್ಷ ಮನೆಗೆಲ್ಲ ಹೊಸ ವೈರಿಂಗ್ ಮಾಡಿಸಿದೆವು. ಕೆಲಸಕ್ಕೆ ಬಂದವನು ವಿಜಯಪುರ ಕಡೆಯ ಬಸಪ್ಪ. ಹಳೆಯ ಫ್ಯೂಸ್ ಬೋರ್ಡು ಕಿತ್ತು, ಬಾಗಿಲ ಮೇಲೆ ಒಂದು ಬಿಳಿ ಡಬ್ಬಿ ಕೂರಿಸಿದ. "ಎಲ್ಲೆರೆ ಕರೆಂಟ್ ಸೋರಿದ್ರ ಇದು ತಾನ ಬಂದ್ ಆಗ್ತೈತ್ರೀ ಸರ, ಜೀವಕ್ಕ ಅಪಾಯ ಇಲ್ಲ" ಎಂದ. ಹಾಲಿನ ಮೂಲೆಯ ಗೋಡೆಗೆ ಬಂದಾಗ, ಅಲ್ಲಿನ ಟ್ಯೂಬ್‌ಲೈಟಿನ ಪಾಯಿಂಟು ನೋಡಿ, "ಇದನ್ನೂ ಕಿತ್ತು ಹೊಸಾದು ಎಳೀಲೇನ್ರಿ?" ಎಂದು ಕೇಳಿದ. "ಬೇಡ. ಅದು ತಿಳಿದವರು ಹಾಕಿದ್ದು. ಇಪ್ಪತ್ತು ವರ್ಷದಿಂದ ಕಣ್ಣು ಮಿಟುಕಿಸಿಲ್ಲ" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಅದನ್ನು ಹಾಗೇ ಬಿಟ್ಟು ಮುಂದಿನ ಗೋಡೆಗೆ ಹೋದ.

ಆ ಮೂಲೆಯೇ ನನ್ನ ಹೆಂಡತಿ ಶಾರದೆಯ ಗೊಂಬೆ ಮೂಲೆ. ಅವಳು ಮೈಸೂರಿನವಳು, ತವರಿನಿಂದ ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದವಳು. ಗೋಡೆ ನೀರು ಬಸಿಯುತ್ತಿದ್ದುದರಿಂದ ನಾಲ್ಕು ನವರಾತ್ರಿ ಅವು ಪೆಟ್ಟಿಗೆಯಲ್ಲೇ ಕಳೆದಿದ್ದವು. ಈ ಸಲ ಗೋಡೆ ರಿಪೇರಿಯಾದದ್ದೇ ಐದು ಮೆಟ್ಟಿಲು ಕಟ್ಟಿ, ರಾಜ ರಾಣಿಯನ್ನು ಕೂರಿಸಿ, ಮೂರೂ ಮಹಡಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಳು. ಮೊದಲ ಸಂಜೆ ಎದುರು ಮನೆಯ ಕದಮ್ ವಹಿನಿ ಒಂದು ಗುಂಪನ್ನೇ ಕರೆದುಕೊಂಡು ಬಂದರು. ಹೊಸ ವೈರಿಂಗ್ ಆದ ಮೇಲೆ ಮೊದಲ ಸಲ ಶಾರದೆ ನಗುತ್ತ ಆ ಟ್ಯೂಬ್‌ಲೈಟಿನ ಸ್ವಿಚ್ಚು ಒತ್ತಿದಳು. ಡಬ್ಬಿ ಟಕ್ ಎಂದಿತು. ಇಡೀ ಮನೆ ಕತ್ತಲು.

"ಕಾಯ್ ಝಾಲಂ, ಭಾವುಜಿ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದರು ವಹಿನಿ. "ಲೂಸ್ ಕನೆಕ್ಷನ್" ಎಂದೆ. ಮೂರು ಸಲ ಡಬ್ಬಿಯ ಕಿವಿ ಎತ್ತಿದೆ. ಮೂರು ಸಲವೂ ಟಕ್. ಹೆಂಗಸರು ಮೊಬೈಲ್ ಟಾರ್ಚಿನಲ್ಲಿ ರಾಜನ ಪೇಟ ನೋಡಿ, ರಾಣಿ ಯಾವ ಕಡೆ ಎಂದು ಕೇಳಿ, ಕಡಲೆ ಉಸಲಿ ತಿಂದು ಹೋದರು. ಆಮೇಲೆ ಅಡುಗೆಮನೆಯಲ್ಲಿ ಶಾರದೆ, "ಎದುರು ಮನೆಯಿಂದ ಎಕ್ಸ್‌ಟೆನ್ಷನ್ ವೈರ್ ಆದ್ರೂ ಎಳೀರಿ ಅಂದ್ರೆ" ಎಂದಳು. ಸ್ವಿಚ್ ಕಾರ್ಖಾನೆಯವನ ಮನೆಯಲ್ಲಿ ಎಕ್ಸ್‌ಟೆನ್ಷನ್ ವೈರೇ? ನಾನು ಒಪ್ಪಲಿಲ್ಲ. "ನಾಲ್ಕು ವರ್ಷ ಕಾದಿದ್ದೀನಿ ರೀ" ಎಂದವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ನೋಡಲಾಗದೆ ಬಸಪ್ಪನಿಗೆ ಫೋನ್ ಮಾಡಿ, ಅವಳ ಬಗೆಗಿನ ಪಾಪಪ್ರಜ್ಞೆಯನ್ನೆಲ್ಲ ಅವನ ಮೇಲೆ ಕಾರಿದೆ. "ನಿನ್ನ ಡಬ್ಬಿಯೇ ಕೆಟ್ಟಿದೆ ಕಣಯ್ಯ" ಎಂದೆ.

ಮರುದಿನ ಮಧ್ಯಾಹ್ನ ಬಸಪ್ಪ ಬಂದ. ಮನೆಯ ಸ್ವಿಚ್ಚನ್ನೆಲ್ಲ ಆರಿಸಿ, ಒಂದೊಂದಾಗಿ ಹಾಕುತ್ತ ಬಂದ. ಫ್ಯಾನು, ಫ್ರಿಜ್ಜು, ಮಿಕ್ಸರ್ ಯಾವುದಕ್ಕೂ ಡಬ್ಬಿ ಮಿಸುಕಲಿಲ್ಲ. ಗೊಂಬೆ ಮೂಲೆಯ ಟ್ಯೂಬಿಗೆ ಟಕ್ ಎಂದಿತು. ಅವನು ಮೆಟ್ಟಿಲ ಹತ್ತಿರ ಹೋಗುತ್ತಿದ್ದಂತೆ ಶಾರದೆ ಅಡ್ಡ ನಿಂತಳು. "ಪಟ್ಟದ ಗೊಂಬೆ ಕೂತ ಮೇಲೆ ವಿಜಯದಶಮಿ ತನಕ ಕದಲಿಸೋ ಹಾಗಿಲ್ಲಪ್ಪ." ಬಸಪ್ಪ ಗೊಂಬೆಗಳಿಗೆ ಕೈಮುಗಿದು, ನಮ್ಮ ಮನೆಯ ಸ್ಟೂಲ್ ಎತ್ತಿಕೊಂಡು ಹೊರಗಿನ ಪ್ಯಾಸೇಜಿಗೆ ಹೋದ. ಗೋಡೆಯ ಆ ಮಗ್ಗುಲಲ್ಲಿ ಬಿಲ್ಡಿಂಗಿನವರ ಲೈಟು ಇದೆ. ಅದರ ಮುಚ್ಚಳ ಬಿಚ್ಚಿ, ಒಳಗಿಂದ ಒಂದು ಹಳೆಯ ಕಪ್ಪು ವೈರನ್ನು ಬೆರಳಲ್ಲಿ ಎಳೆದು ತೋರಿಸಿದ.

"ನೋಡ್ರಿ ಸರ. ಕರೆಂಟ್ ಮನೀ ಒಳಗಿಂದ ಟ್ಯೂಬಿಗೆ ಹೊಂಟೈತಿ, ತಿರುಗಿ ಬರೂಮುಂದ ಪ್ಯಾಸೇಜಿನ ವೈರ್ ಹಿಡದೈತಿ. ಹೋದ ದಾರೀಲೆ ಹೊಳ್ಳಿ ಬರ್ಲಿಲ್ಲಂದ್ರ ಸೋರಾಕತ್ತೈತಿ ಅಂತ ತಿಳದು ಡಬ್ಬಿ ಬಾಗಲಾ ಹಾಕ್ತೈತಿ. ಹಳೇ ಫ್ಯೂಸಿಗೆ ಇಷ್ಟ್ ಶಾಣ್ಯಾತನ ಇರಲಿಲ್ರಿ."

"ನಮ್ಮತ್ತೆ ಈ ಡಬ್ಬಿ ಹಾಗೇ ಇದ್ದರು" ಎಂದಳು ಶಾರದೆ.

ಅರ್ಧ ಗಂಟೆಯಲ್ಲಿ ಅವನು ಆ ಕಪ್ಪು ವೈರನ್ನು ಕತ್ತರಿಸಿ, ಗೊಂಬೆ ಕದಲಿಸದೆ ಮನೆಯೊಳಗಿಂದಲೇ ಹೊಸದನ್ನು ಎಳೆದು ಟ್ಯೂಬಿಗೆ ಸೇರಿಸಿದ. ಶಾರದೆ ಹೆದರುತ್ತ ಸ್ವಿಚ್ಚು ಒತ್ತಿದಳು. ಡಬ್ಬಿ ಸುಮ್ಮನಿತ್ತು. ರಾಜನ ಪಕ್ಕದಲ್ಲಿ ರಾಣಿಯೂ ಕಂಡಳು. ಶಾರದೆಯ ಮುಖ ಕಂಡು ನನಗೂ ಉತ್ಸಾಹ ಬಂತು. ಕೀರ್ತಿಯಲ್ಲಿ ನನ್ನದೂ ಒಂದು ಪಾಲಿರಲಿ ಎಂದು ಪ್ಯಾಸೇಜಿಗೆ ಹೋಗಿ, ಸ್ಟೂಲ್ ಹತ್ತಿ, ಮುಚ್ಚಳ ಹಾಕುತ್ತ, "ನಾನು ಮೊದಲೇ ಹೇಳಲಿಲ್ವೆ, ಕನೆಕ್ಷನ್ನೇ ಸರಿಯಿಲ್ಲ ಅಂತ" ಎಂದೆ.

ಬಸಪ್ಪ ಕೈ ಒರೆಸಿಕೊಳ್ಳುತ್ತಿದ್ದ. "ಅವತ್ತ ತಿಳದವ್ರು ಹಾಕ್ಯಾರಂತ ಅಂದಿದ್ರಲ್ರಿ ಸರ," ಎಂದ ನಿಜವಾದ ಕಳವಳದಿಂದ, "ಅವ್ರು ಇನ್ನಾ ಬದುಕಿ ಅದಾರೇನ್ರಿ?"

ನಾನು ಮುಚ್ಚಳದ ಸ್ಕ್ರೂ ಹುಡುಕತೊಡಗಿದೆ. ಬಾಗಿಲಲ್ಲಿ ನಿಂತಿದ್ದ ಶಾರದೆಯೇ ಉತ್ತರ ಕೊಟ್ಟಳು.

"ಇದ್ದಾರಪ್ಪ, ಚೆನ್ನಾಗಿಯೇ ಇದ್ದಾರೆ. ಅವತ್ತು ಆ ವೈರ್ ಎಳೆಯೋವಾಗ ಅವರು ಬೀಳದ ಹಾಗೆ ಈ ಸ್ಟೂಲ್ ಹಿಡ್ಕೊಂಡಿದ್ದು ನಾನೇ."

ಅಷ್ಟು ಹೇಳಿ ಉಸಲಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ಸ್ಟೂಲ್ ನನ್ನ ಕಾಲ ಕೆಳಗೆ ಅಲ್ಲಾಡುತ್ತಿತ್ತು. ಈ ಸಲ ಅದನ್ನು ಯಾರೂ ಹಿಡಿದುಕೊಂಡಿರಲಿಲ್ಲ.