ಯಾವ ಕಪಾಟಿಗೂ ಸೇರದ ಆಲ್ಬಂ

ಕನ್ನಡಕದಂಗಡಿ ಯಜಮಾನರಿಗೆ ಆ ದಿನ ಬೆಳಗ್ಗೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ವರ್ಷದಿಂದ ಮಲಗುವ ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿಗೆ ನುಡಿಸುವ ಕೀಬೋರ್ಡು ಸಿಕ್ಕಿಸಿಕೊಂಡು ಗುಂಯ್ ಗುಂಯ್ ಎನ್ನಿಸುತ್ತಾ ಕೂತಿದ್ದವರು, ಕೊನೆಗೂ ಒಂದು ಎಲೆಕ್ಟ್ರಾನಿಕ್ ಸಂಗೀತದ ಆಲ್ಬಂ ಹೆತ್ತಿದ್ದರು. (ಹೆರಿಗೆ ನೋವು ಮಾತ್ರ ಅದೇ ಕೋಣೆಯಲ್ಲಿ ಮಲಗುತ್ತಿದ್ದ ಹೆಂಡತಿಗೆ.)

ಅಚ್ಚಾಗಿ ಬಂದ ಕರಿಯ ರೆಕಾರ್ಡ್ ತಟ್ಟೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅವರು ಘೋಷಿಸಿದರು: “ಕೇಳಿದ್ಯಾ? ಇವತ್ತು ಸಂಜೆ ರೆಕಾರ್ಡ್ ಅಂಗಡೀಲಿ ನನ್ನ ಆಲ್ಬಂ ಹಾಕ್ತಾರೆ!”

“ತಟ್ಟೆ ಇಟ್ರಿ, ಸರಿ. ಬಡಿಸೋದೇನು?” ಎಂದರು ಹೆಂಡತಿ. ಅವರು ಹಲ್ಲಿನ ಡಾಕ್ಟರು. ನೋವಾಗದ ಹಾಗೆ ಚುಚ್ಚುವುದರಲ್ಲಿ ಪಳಗಿದ ಕೈ; ಮನೆಯಲ್ಲಿ ಅಷ್ಟು ಎಚ್ಚರ ವಹಿಸುತ್ತಿರಲಿಲ್ಲ.

“ತಮಾಷೆ ಅಲ್ಲ ಕಣೇ ಇದು! ಯಾವ ಸಂಗೀತ ಪ್ರಕಾರಕ್ಕೆ ಸೇರುತ್ತೆ ಅಂತ ಅಲ್ಲಿ ಬಂದವರೆಲ್ಲ ಕೇಳಿ ತೀರ್ಮಾನ ಮಾಡ್ತಾರೆ. ಟೆಕ್ನೋನೋ, ಆಂಬಿಯೆಂಟೋ, ಹೌಸೋ…”

“ಮನೇಲಿ ಕೂತು ಮಾಡಿದ್ದಲ್ವಾ? ಹೌಸೇ ಇರಬೇಕು.”

“ಅದು ಕುಣಿಯೋ ಸಂಗೀತ ಕಣೇ, ಆ ಹೌಸಿಗೂ ಮನೆಗೂ ಸಂಬಂಧ ಇಲ್ಲ!”

“ನಿಮಗೂ ಇರಲಿಲ್ಲ ಬಿಡಿ, ಒಂದು ವರ್ಷದಿಂದ.”

ಆದರೂ ಸಂಜೆ ಕ್ಲಿನಿಕ್ಕಿಗೆ ಬೀಗ ಹಾಕಿ ಡಾಕ್ಟರಮ್ಮ ಜೊತೆಗೆ ಹೊರಟರು. ಗಂಡನ ಕೀರ್ತಿಯೋ ಅಪಕೀರ್ತಿಯೋ, ಕಣ್ಣಾರೆ ನೋಡಿದರೇ ಸಮಾಧಾನ.

ರೆಕಾರ್ಡ್ ಅಂಗಡಿ ಕಿಕ್ಕಿರಿದಿತ್ತು. ಪ್ರಕಾರಕ್ಕೊಂದು ಕಪಾಟು, ಕಪಾಟಿಗೊಂದು ಭಕ್ತವೃಂದ. ಗುಂಗುರು ಕೂದಲಿನ ಅಂಗಡಿಯವನು ತಟ್ಟೆಯ ಮೇಲೆ ಮುಳ್ಳು ಇಳಿಸಿದ. ಯಜಮಾನರು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡತೊಡಗಿದರು.

ಮೊದಲು ಬಾಯಿಬಿಟ್ಟವರು ಟೆಕ್ನೋ ಕಪಾಟಿಗೆ ಒರಗಿದ್ದ ಲೆಕ್ಕದ ಮೇಷ್ಟ್ರು. “ಸಾರ್, ಟೆಕ್ನೋ ಅಂದ್ರೆ ತಾಳ ಯಂತ್ರದ ಥರ ಹೊಡೀತಾನೇ ಇರಬೇಕು. ನಿಮ್ಮ ತಾಳ ಮಧ್ಯೆ ಮಧ್ಯೆ ಟೀ ಕುಡಿಯಕ್ಕೆ ಹೋಗುತ್ತೆ. ನಮ್ಮದಲ್ಲ.”

ಆಂಬಿಯೆಂಟ್ ಕಡೆಯ ನರ್ಸಮ್ಮ ಕಣ್ಣು ಮುಚ್ಚಿ ಕೇಳಿ, ನಿಟ್ಟುಸಿರುಬಿಟ್ಟರು. “ನಮ್ಮ ಸಂಗೀತ ಗಾಳಿ ಇದ್ದ ಹಾಗೆ ಸಾರ್. ಇದೆ ಅಂತಲೇ ಗೊತ್ತಾಗಬಾರದು. ಇದು ಗೊತ್ತಾಗ್ತಿದೆ. ಚೆನ್ನಾಗೇ ಗೊತ್ತಾಗ್ತಿದೆ.”

ಹೌಸ್ ಕಡೆಯ ಬೇಕರಿಯವನು ಕುಣಿಯಲು ಎದ್ದು, ಒಂದು ಕಾಲೆತ್ತಿ, ಹಾಗೇ ನಿಂತುಬಿಟ್ಟಿದ್ದ. “ಮುಂದಿನ ಪೆಟ್ಟು ಎಲ್ಲಿ ಸಾರ್? ಎತ್ತಿದ ಕಾಲನ್ನ ಯಾವಾಗ ಇಳಿಸೋದು?”

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ನಮ್ಮ ಯಜಮಾನರ ಮುಖ ಮಾತ್ರ ಒಂದೊಂದು ತಿರಸ್ಕಾರಕ್ಕೂ ಅರಳುತ್ತಾ ಹೋಯಿತು. ಕೊನೆಗೆ ಸ್ಟೂಲ್ ಹತ್ತಿಯೇ ಬಿಟ್ಟರು.

“ಮಹಾಜನಗಳೇ! ಯಾರ ಕಪಾಟಿಗೂ ಸೇರಲ್ಲ ಅಂದ್ರೆ ಏನರ್ಥ? ನಿಮ್ಮೆಲ್ಲರ ಕಣ್ಣೆದುರಿಗೇ ಒಂದು ಹೊಸ ಪ್ರಕಾರ ಅವತರಿಸಿದೆ!”

“ಯಾರಿಗೂ ಬೇಡವಾದದ್ದಕ್ಕೆಲ್ಲ ಹೊಸದು ಅಂತಾರೇನ್ರೀ?” ಡಾಕ್ಟರಮ್ಮ ಕೆಳಗಿನಿಂದ ಅವರ ಅಂಗಿ ಎಳೆದರು.

“ಹೊಸದನ್ನ ಮೊದಲು ಯಾರೂ ಒಪ್ಪಲ್ಲ ಕಣೇ. ಗುಂಗುರಪ್ಪ, ಎರಡನೇ ಬದಿ ಹಾಕಿ!”

ಎರಡನೇ ಬದಿ ಶುರುವಾಯಿತು. ಜನರಿಗೆ ಕೂರಲೂ ಮನಸ್ಸಿಲ್ಲ, ಏಳಲೂ ಸಂಕೋಚ. ಯಜಮಾನರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ತೂಗುತ್ತಿದ್ದರು. ಗುಂಯ್ ಎಂಬುದು ಏರಿ, ಇನ್ನೇನು ಏನೋ ಆಗಿಯೇಬಿಡುತ್ತದೆ ಎನ್ನುವಾಗ, ಹಸಿವಿನಿಂದ ಕಂಗೆಟ್ಟ ಡಾಕ್ಟರಮ್ಮನ ತಾಳ್ಮೆ ಹರಿಯಿತು.

“ಸಾಕು, ಏಳಿ ಎಲ್ಲರೂ! ಮನೆ ಮಠ ಇಲ್ವಾ? ನಡೀರಿ, ನಡೀರಿ!”

ಅದು ಕರಾರುವಾಕ್ಕಾಗಿ ತಾಳದ ಮೇಲೇ ಬಿತ್ತು. ಮೇಷ್ಟ್ರು ಚೀಲ ಎತ್ತಿಕೊಂಡರು. ನರ್ಸಮ್ಮ ಬೇಕರಿಯವನನ್ನು ತಳ್ಳಿಕೊಂಡು ಬಾಗಿಲು ದಾಟಿದರು. ಚಿಟಿಕೆ ಹೊಡೆಯುವಷ್ಟರಲ್ಲಿ ಅಂಗಡಿ ಖಾಲಿ. ಸ್ಟೂಲಿಳಿದು ಎಲ್ಲರ ಹಿಂದೆ ತಾವೂ ಬೀದಿಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲಷ್ಟೇ ಯಜಮಾನರಿಗೆ ನೆನಪಾದದ್ದು, ಒಳಗೆ ಓಡುತ್ತಿರುವುದು ತಮ್ಮದೇ ಆಲ್ಬಂ ಎಂದು.

ಅಷ್ಟರಲ್ಲಿ ಅಂಗಡಿಯವನು ಏದುಸಿರು ಬಿಡುತ್ತಾ ಓಡಿಬಂದ. “ಸಿಕ್ತು ಸಾರ್, ಪ್ರಕಾರ ಸಿಕ್ತು! ದಿನಾ ಬಾಗಿಲು ಹಾಕೋ ಹೊತ್ತಿಗೆ ಗಿರಾಕಿಗಳನ್ನ ಏಳಿಸೋಕೆ ನಾನು ಪಡೋ ಪಾಡು ಯಾರಿಗೂ ಬೇಡ. ಇವತ್ತು ನೋಡಿ, ಒಂದು ನರಪಿಳ್ಳೆ ಉಳೀಲಿಲ್ಲ! ಪಕ್ಕದ ಕಾಫಿ ಅಂಗಡಿಯವರೂ ನೋಡ್ತಿದ್ರು. ಅವರಿಗೂ ಬೇಕಂತೆ!”

“ನೋಡಿದ್ಯಾ?” ಯಜಮಾನರು ಹೆಂಡತಿಯತ್ತ ತಿರುಗಿ ಎದೆಯುಬ್ಬಿಸಿದರು. “ಜನರನ್ನ ನಡೆಸೋ ಸಂಗೀತ!”

ಅಂಗಡಿಯವನು ತಲೆ ಕೆರೆದುಕೊಂಡ. “ನಡೆಸಿದ್ದು ಮೇಡಂ ದನಿ, ಸಾರ್. ಅದನ್ನೂ ಸೇರಿಸಿ ಇನ್ನೊಂದು ಸಲ ಅಚ್ಚು ಹಾಕಿಸಿಬಿಡಿ.”

ಯಜಮಾನರು ಮುನಿಸಿಕೊಂಡರು, ಊಟ ಬಿಟ್ಟರು, ಮತ್ತೆ ಊಟ ಮಾಡಿದರು, ಕಡೆಗೆ ಹೆಂಡತಿಯ ದನಿ ಸೇರಿಸಿಯೇ ಅಚ್ಚು ಹಾಕಿಸಿದರು. ಸ್ವಲ್ಪ ದಿನದಲ್ಲೇ ಅಂಗಡಿಯಲ್ಲಿ ಹೊಸ ಕಪಾಟೊಂದು ಎದ್ದಿತು. ಮೇಲೆ ‘ಬಾಗಿಲು ಮುಚ್ಚುವ ಸಂಗೀತ’ ಎಂಬ ಫಲಕ. ಯಜಮಾನರು ಅದರೆದುರು ಕೈಕಟ್ಟಿ ನಿಂತು, ಒಂದು ಪ್ರಕಾರದ ಮೂಲಪುರುಷನಾದ ಪುಳಕವನ್ನು ಮನಸಾರೆ ಅನುಭವಿಸುತ್ತಿದ್ದರು.

“ಪ್ರಕಾರ ಅಂದ್ಮೇಲೆ ಒಂದೇ ಆಲ್ಬಂ ಸಾಲದು ಸಾರ್,” ಎಂದ ಅಂಗಡಿಯವನು. “ಎರಡನೇದಕ್ಕೆ ಮೇಡಂ ಆಗಲೇ ಒಪ್ಪಿದಾರೆ.”

“ಹೌದಾ! ನನಗೆ ಹೇಳಲೇ ಇಲ್ಲ!” ಯಜಮಾನರು ಕುಣಿದುಬಿಟ್ಟರು. “ಇವತ್ತೇ ಶುರು ಮಾಡ್ತೀನಿ. ಎಂಥಾ ಸಂಗೀತ ಬೇಕಂತೆ?”

“ಅದೇ ಸಾರ್…” ಅಂಗಡಿಯವನು ಕಪಾಟಿನ ಧೂಳು ಒರೆಸತೊಡಗಿದ. “ಈ ಸಲ ಸಂಗೀತ ಬೇಡವಂತೆ. ಮಾತು ಸರಿಯಾಗಿ ಕೇಳಿಸಲ್ಲ ಅಂದ್ರು.”