ಎಷ್ಟು ಕೊಡ್ತತಿ?

ಶಿಕಾರಿಪುರದಲ್ಲಿ ರಸ್ತೆ ನೋಡದೆ ಕಾರು ಓಡಿಸುವವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಕಣ್ಣಿಗೆ ಏನೂ ಆಗಿಲ್ಲ. ತಮ್ಮ ಜವಳಿ ಅಂಗಡಿಯ ಗಲ್ಲಾದಲ್ಲಿ ಕೂತುಕೊಂಡೇ ಎದುರಿನ ಅಂಗಡಿಯವರು ಬಿಚ್ಚಿದ ಸೀರೆಯ ಜರಿ ಅಸಲಿಯೋ ನಕಲಿಯೋ ಹೇಳಬಲ್ಲ ಕಣ್ಣು ಅದು. ಆದರೆ ಕಾರು ಹತ್ತಿದರೆ ಆ ಕಣ್ಣು ಸ್ಟೇರಿಂಗಿನ ಹಿಂದಿರುವ ಪರದೆಯ ಮೂಲೆಯಲ್ಲಿ ಮಿನುಗುವ ಒಂದು ನಂಬರಿಗೆ ಅಂಟಿಕೊಂಡುಬಿಡುತ್ತದೆ. ಎದುರಿಗೆ ಎಮ್ಮೆ ಬಂದರೆ ಪಕ್ಕದಲ್ಲಿ ಕೂತವರೇ ಹೇಳಬೇಕು.

ಈ ಕರೆಂಟಿನ ಕಾರು ಮನೆಗೆ ಬಂದದ್ದು ಅತ್ತೆಯ ದೆಸೆಯಿಂದ. ಅತ್ತೆಯ ತವರು ಚಂದ್ರಗುತ್ತಿ. ಅಲ್ಲಿ ಅವರ ಅಕ್ಕ ಇದ್ದಾರೆ. ಮಂಡಿ ನೋವು, ಎಲ್ಲಿಗೂ ಬರಲಾರರು. ಅತ್ತೆ ಹೋಗಲಾರರು, ಏಕೆಂದರೆ ಬಸ್ಸಿರಲಿ ಕಾರಿರಲಿ, ಶಿರಾಳಕೊಪ್ಪ ಬರುವಷ್ಟರಲ್ಲಿ ಅವರಿಗೆ ವಾಂತಿ! ಅಕ್ಕತಂಗಿಯರು ಎದುರುಬದುರು ಕೂತು ಮಾತಾಡಿ ವರ್ಷಗಳೇ ಆಗಿದ್ದವು. ವಿಡಿಯೋ ಕಾಲ್ ಮಾಡಿಕೊಟ್ಟರೆ ಇಬ್ಬರೂ ಅಭ್ಯಾಸಬಲದಿಂದ ಫೋನನ್ನು ಕಿವಿಗೇ ಒತ್ತಿಕೊಳ್ಳುತ್ತಿದ್ದರು. ಹೀಗಾಗಿ ಇಷ್ಟು ವರ್ಷದಲ್ಲಿ ಅವರು ಪರಸ್ಪರ ನೋಡಿದ್ದು ಬರೀ ಕಿವಿಯೋಲೆ.

"ಪೆಟ್ರೋಲ್ ವಾಸನೀನೇ ಇಲ್ಲ ಅಂದಮ್ಯಾಲೆ ವಾಂತಿ ಎಲ್ಲಿಂದ ಬರ್ತತಿ?" ಎಂದು ಮಾವ ಲಾ ಪಾಯಿಂಟು ಹಾಕಿ ಕಾರು ತಂದೇಬಿಟ್ಟರು.

ಅತ್ತೆ ಒಂದು ನಿಂಬೆಹಣ್ಣು ಮೂಸುತ್ತಾ ಮುಂದಿನ ಸೀಟಿನಲ್ಲಿ ಕೂತರು. ಮಾವ ತುಳಿದರು. ಈ ಕಾರುಗಳ ಗುಣ ಗೊತ್ತಲ್ಲ? ತುಳಿದರೆ ಸದ್ದಿಲ್ಲದೆ ಚಿಮ್ಮುತ್ತವೆ, ಕಾಲು ತೆಗೆದರೆ ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ನಿಧಾನವಾಗುತ್ತವೆ. ಚಿಮ್ಮು, ಹಿಡಿ, ಚಿಮ್ಮು, ಹಿಡಿ! ಶಿರಾಳಕೊಪ್ಪ ಇನ್ನೂ ದೂರವಿರುವಾಗಲೇ ಅತ್ತೆ ಕಾರು ನಿಲ್ಲಿಸಲು ಹೇಳಿ, ಇಳಿದು, ಮಾಡುವುದನ್ನು ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಂತಾ ಕಾರ್ರೀ ಇದು? ಇದಕ್ಕಿಂತ ಆ ಬಸ್ಸೇ ಅಡ್ಡಿಲ್ಲ. ಇನ್ನು ನಾನು ಇದ್ರೊಳಗೆ ಕಾಲಿಡೂದಿಲ್ಲ, ತಿಳ್ಕಳ್ಳಿ" ಎಂದರು.

ಮಾವನ ಮುಖ ಸಣ್ಣದಾಯಿತು. ಆದರೆ ಮನೆಗೆ ಬಂದು ಕಾರು ನಿಲ್ಲಿಸುವಾಗ ಪರದೆಯಲ್ಲಿ ಕಂಡದ್ದೇನು? ನೂರಾ ಎಂಬತ್ತು! ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಸಣ್ಣಕ್ಷರ, ಕೊನೆಗೆ ಕಿಲೋಮೀಟರ್. ಅಷ್ಟು ಸಾಕಲ್ಲ?

ನಮ್ಮ ಕಡೆ ಗಾಡಿ ತಗೊಂಡವರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಷ್ಟು ಕೊಡ್ತತಿ?" ಮರುದಿನ ಚಾದಂಗಡಿಯಲ್ಲಿ ಗೆಳೆಯರು ಅದನ್ನೇ ಕೇಳಿದರು. ಮಾವ ಸಾವಕಾಶವಾಗಿ ಚಾ ಕುಡಿದು, ಲೋಟ ಕೆಳಗಿಟ್ಟು, "ನೂರಾ ಎಂಬತ್ತು" ಎಂದರು. ಲೀಟರಿಗೆ ಹದಿನೆಂಟು ಕೊಡುವ ಗಾಡಿಯವರೆಲ್ಲ ತಂತಮ್ಮ ಲೋಟ ನೋಡಿಕೊಂಡರು. ಅಂದಿನಿಂದ ಮಾವ ಇನ್ನೂ ಜೋರಾಗಿ ತುಳಿದು, ಎ.ಸಿ.ಯನ್ನು ಗಡಗಡ ನಡುಗುವಷ್ಟು ಹಾಕಿ, ಇನ್ನೂರು "ಕೊಡಿಸಿದರು". ಬ್ಯಾಟರಿ ಮಾತ್ರ ಕಂಪನಿಯವರು ಹೇಳಿದ್ದಕ್ಕಿಂತ ಬಹಳ ಬೇಗ ಖಾಲಿಯಾಗುತ್ತಿತ್ತು. ಅದಕ್ಕೆ ಅವರು ನಮ್ಮೂರಿನ ಕರೆಂಟೇ ತೆಳು ಎಂಬ ಕಾರಣ ಹುಡುಕಿಕೊಂಡರು.

ಸೊರಬದಲ್ಲಿ ನನ್ನ ಮನೆ. ನನ್ನದೂ ಕರೆಂಟಿನ ಕಾರೇ, ಕಂಪನಿ ಬೇರೆ. ಮಾವ ಒಮ್ಮೆ ಮನೆಗೆ ಬಂದಾಗ ಕೇಳಿದರು.

"ನಿಂದು ಎಷ್ಟು ಕೊಡ್ತತವ್ವಾ?"

"ಏಳು, ಮಾವ."

ಮಾವ ಸಾವಿನ ಸುದ್ದಿ ಕೇಳಿದವರ ಹಾಗೆ ಕುರ್ಚಿಗೆ ಒರಗಿದರು. "ಏಳಾ! ಯಾರೋ ನಿಂಗ ಟೋಪಿ ಹಾಕ್ಯಾರ. ವಾಪಸ್ ಕೊಟ್ಟುಬಿಡು. ನಾನು ಬಂದು ಮಾತಾಡ್ತೀನಿ."

ಅಂದು ನಗು ತಡೆದುಕೊಂಡು ಪಾಠ ಹೇಳಿದೆ. "ಮಾವ, ಮನೆ ಬಿಲ್ಲಿನಲ್ಲಿ ಯೂನಿಟ್ ಅಂತ ಬರ್ತದಲ್ಲ, ಅದೇ ಇಲ್ಲೂ. ಸಾವಿರ ವ್ಯಾಟ್-ಅವರ್ ಸೇರಿದ್ರೆ ಒಂದು ಯೂನಿಟ್. ನನ್ನ ಕಾರು ಒಂದು ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಹೋಯ್ತು ಅಂತ ತೋರಿಸ್ತದೆ. ನಿಮ್ಮದು ಒಂದು ಕಿಲೋಮೀಟರಿಗೆ ಎಷ್ಟು ವ್ಯಾಟ್-ಅವರ್ ಸುಟ್ಟಿತು ಅಂತ ತೋರಿಸ್ತದೆ."

ಮಾವನ ಮುಖದಲ್ಲಿ ಬೆಳಕು ಮೂಡಲಿಲ್ಲ. ನಾನು ಜವಳಿ ಭಾಷೆಗೆ ಇಳಿದೆ.

"ಒಂದು ತಾನು ಬಟ್ಟೆಯಲ್ಲಿ ಎಷ್ಟು ಅಂಗಿ ಆದವು ಅಂತ ಹೇಳೋ ಟೇಲರು ನನ್ನ ಕಾರು. ಒಂದು ಅಂಗಿಗೆ ಎಷ್ಟು ಬಟ್ಟೆ ಹೋಯ್ತು ಅಂತ ಹೇಳೋ ಟೇಲರು ನಿಮ್ಮ ಕಾರು. ನನಗೆ ನಂಬರು ಜಾಸ್ತಿ ಆದಷ್ಟೂ ಒಳ್ಳೆಯದು, ನಿಮಗೆ ಕಡಿಮೆ ಆದಷ್ಟೂ ಒಳ್ಳೆಯದು. ನೂರಾ ಎಂಬತ್ತು ಅದು ಕೊಡೋದಲ್ಲ ಮಾವ, ತಿನ್ನೋದು! ನನ್ನ ಲೆಕ್ಕದಲ್ಲಿ ಹೇಳಿದ್ರೆ ನಿಮ್ಮದು ಯೂನಿಟ್ಟಿಗೆ ಐದೂವರೆ."

ಮಾವ ಕೇಳಿದ್ದು ಇಷ್ಟೇ: "ಚಾದಂಗಡಿಯಾಗ ನೀನು ಇದನ್ನ ಯಾರಿಗೂ ಹೇಳಿಲ್ಲ ಹೌದಲ್ಲವ್ವಾ?"

ಅಲ್ಲಿಗೆ ಮಾವ ಉಲ್ಟಾ ಹೊಡೆದರು. ನಂಬರು ಇಳಿಸುವುದೇ ಅವರ ಕಸುಬಾಯಿತು. ಕಡುಬೇಸಿಗೆಯಲ್ಲೂ ಎ.ಸಿ. ಬಂದ್. ಹಾರ್ನ್ ಒತ್ತಿದರೆ ಕರೆಂಟು ಹೋಗುತ್ತದೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿ "ಸರೀರೀ!" ಎಂದು ಕೂಗುತ್ತಿದ್ದರು. ಒಂದು ದಿನ ಎದುರಿಗೆ ಕುರಿಮಂದೆ ಸಿಕ್ಕಿತು. ಕುರಿ ಕಾಯುವವನು ಪಾಪ, ಮಂದೆಯನ್ನು ಬದಿಗೆ ಸರಿಸಿ, "ಹೋಗ್ರೀ ಯಜಮಾನ್ರೆ" ಎಂದ. ಮಾವ, "ಇರಲಿ ಬಿಡಪ್ಪಾ, ನಿನ್ನ ಹಿಂದ ಬಂದ್ರ ಚಲೋ ನಂಬರು ಬರಾಕತ್ತೈತಿ" ಎಂದು ಕುರಿಗಳ ಹಿಂದೆಯೇ ಊರು ಮುಟ್ಟಿದರು!

ಅದಕ್ಕಿಂತ ದೊಡ್ಡ ತಮಾಷೆ ಮುಂದಿನ ಸೀಟಿನದು. ಅಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಕಂಠದವರೆಗೆ ನೀರು ತುಂಬಿದ ಒಂದು ತಾಮ್ರದ ಬಿಂದಿಗೆ, ಅದಕ್ಕೆ ಸೀಟ್ ಬೆಲ್ಟು! ತೀರ್ಥ ಸಾಗಿಸುತ್ತಿದ್ದಾರೆಂದು ತಿಳಿದು ಸಂತೆಯಲ್ಲಿ ತರಕಾರಿಯವಳು ಕೈ ಮುಗಿದಳಂತೆ. ಕೇಳಿದರೆ, "ಅಭ್ಯಾಸ ನಡದೈತಿ" ಎಂದಷ್ಟೇ ಉತ್ತರ. ವಯಸ್ಸಾಯಿತು, ಜಿಪುಣತನ ತಲೆಗೇರಿದೆ ಎಂದು ನಾವು ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೊನ್ನೆ ನಾನು ಶಿಕಾರಿಪುರದಲ್ಲಿದ್ದಾಗ ಮಾವ ಬೆಳಿಗ್ಗೆಯೇ ಬಿಂದಿಗೆ ಹೊತ್ತುಕೊಂಡು ಅಡುಗೆಮನೆಗೆ ಬಂದರು. ಅತ್ತೆಯ ಮುಂದೆ ಅದನ್ನು ಇಟ್ಟು, "ನೋಡಿಲ್ಲಿ. ಶಿರಾಳಕೊಪ್ಪ ಮುಟ್ಟಿ ಬಂದೀನಿ. ಸೀಟು ಒಣಗೇ ಐತಿ, ಒಂದು ಹನಿ ಚೆಲ್ಲಿಲ್ಲ. ಇವತ್ತು ನಿಮ್ಮಕ್ಕನ ಮನಿಗೆ ಹೋಗಾಣ, ಬಾ" ಎಂದರು.

ಅತ್ತೆ ಬಿಂದಿಗೆ ನೋಡಿದರು, ಮಾವನನ್ನು ನೋಡಿದರು. ಹೋಗಿ ಸೀರೆ ಬದಲಾಯಿಸಿ, ಒಂದು ನಿಂಬೆಹಣ್ಣು ಹಿಡಿದುಕೊಂಡು ಬಂದರು.

ಕಾರು ಹೊರಟದ್ದೇ ತಿಳಿಯಲಿಲ್ಲ. ಶಿರಾಳಕೊಪ್ಪ ಬಂತು, ಹೋಯಿತು. ನಾನು ಹಿಂದಿನ ಸೀಟಿನಿಂದ ಇಣುಕಿದೆ. ಪರದೆಯಲ್ಲಿ ತೊಂಬತ್ತೈದು. ಅತ್ತೆಯ ತಲೆ ಮೆಲ್ಲಗೆ ಕಿಟಕಿಗೆ ವಾಲಿತು. ವಾಹನದಲ್ಲಿ ಅತ್ತೆ ನಿದ್ದೆ ಮಾಡಿದ್ದನ್ನು ನಮ್ಮ ವಂಶದಲ್ಲೇ ಯಾರೂ ಕಂಡಿರಲಿಲ್ಲ!

ಮಾವ ಪಿಸುಗುಟ್ಟಿದರು. "ಜೋರು ತುಳಿದ್ರ ನಂಬರು ಏರ್ತತಿ. ನಂಬರು ಏರಿದ್ರ ನಿಮ್ಮತ್ತೆಗೆ ಹೊಟ್ಟಿ ತೊಳಸ್ತತಿ. ಅವತ್ತು ನೀನು ಅಂಗಿ ಲೆಕ್ಕ ಹೇಳಿದ ಮ್ಯಾಲೆ ನಂಗ ಹೊಳೀತು ನೋಡು. ನೂರರ ಒಳಗಿದ್ರ ಬಿಂದಿಗಿನೂ ಚೆಲ್ಲಂಗಿಲ್ಲ."

ನಾವು ನಕ್ಕಿದ್ದೆಲ್ಲ ನೆನಪಾಗಿ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸೊರಬ ದಾಟಿ ಚಂದ್ರಗುತ್ತಿಯ ಏರು ಶುರುವಾದಾಗ ನಂಬರು ನೂರು ದಾಟಿತು, ನೂರೈವತ್ತು ದಾಟಿತು. ಈಗ ಮಾವ ಚಡಪಡಿಸುತ್ತಾರೆ ಎಂದುಕೊಂಡೆ. ಅವರು ಪರದೆಯ ಕಡೆ ನೋಡಲೇ ಇಲ್ಲ. ರಸ್ತೆ ನೋಡುತ್ತಿದ್ದರು, ನಡುನಡುವೆ ಅತ್ತೆಯ ಮುಖ ನೋಡುತ್ತಿದ್ದರು.

ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ ತಬ್ಬಿಕೊಂಡರು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು. ಅಕ್ಕ ತಂಗಿಯ ಕೆನ್ನೆ ಸವರುತ್ತಾ, "ಎಷ್ಟು ಬಡವಾಗಿದೀಯೇ, ಫೋನಲ್ಲಿ ಗೊತ್ತೇ ಆಗ್ಲಿಲ್ಲ" ಎಂದರು. ಅತ್ತೆಯ ಕೈಯಲ್ಲಿ ನಿಂಬೆಹಣ್ಣು ಹಾಗೇ ಇತ್ತು, ಉಗುರು ಕೂಡ ತಾಗಿರಲಿಲ್ಲ. ಅದನ್ನು ನನಗೆ ಕೊಟ್ಟು, "ಇದ್ರದ್ದು ಪಾನಕ ಮಾಡೇ. ಮೊದಲ ಲೋಟ ನಿನ್ ಮಾವನಿಗೆ ಕೊಡು" ಎಂದರು.

ಪಾನಕ ಹಿಡಿದು ಹೋದಾಗ ಮಾವ ಜಗಲಿಯ ತುದಿಯಲ್ಲಿ ಒಬ್ಬರೇ ಕೂತಿದ್ದರು. ಕಾರಿಗೆ ಬೆನ್ನು ಮಾಡಿ, ತೆರೆದ ಬಾಗಿಲಿನಿಂದ ಒಳಗಿನ ಅಕ್ಕತಂಗಿಯರನ್ನೇ ನೋಡುತ್ತಿದ್ದರು. ಕೀಟಲೆಗೆಂದು ಕೇಳಿದೆ, "ಮಾವ, ಇವತ್ತು ಎಷ್ಟು ಕೊಡ್ತು?"

ಮಾವ ತಿರುಗಲಿಲ್ಲ.

"ಭಾಳ ಕೊಡ್ತವ್ವಾ," ಎಂದರು.